ಮುಖ್ಯ ಕಸುಬು: ಕೃಷಿ

ಫಾರ್ಮಿನಲ್ಲಿ ಒಂದು ಕಾಲಮ್ಮಿತ್ತು, ‘ಮುಖ್ಯ ಕಸುಬು’ ಅಂತ. ಎಂಟು ವರ್ಷದ ಕೆಳಗೆ ನೇಪಾಳದ ಸುನ್‌ಕೋಸಿ ನದಿಯ ದಡದ ಒಂದು ಹಳ್ಳಿಯಲ್ಲಿ ಅಂಥ ಒಂದು ರಾಶಿ ಫಾರ್ಮುಗಳಿಗೆ ನಾನು ಸಹಿ ಹಾಕಿದೆ. ಆ ರಾಶಿ ಈಗ ಎಲ್ಲಿದೆಯೋ ಗೊತ್ತಿಲ್ಲ; ಯಾವುದೋ ಕಚೇರಿಯ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗಿರಬಹುದು. ಆದರೆ ಆ ಒಂದು ಕಾಲಮ್ಮು ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲೇ ‘ಕಸುಬು’ ಅಂತ ಕಂಡರೂ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ನಾನು ಹೋದದ್ದು ನೀರು ಅಳೆಯಲಿಕ್ಕೆ. ಒಂದು ಅಣೆಕಟ್ಟಿನ ಯೋಜನೆ. ಹೆಸರು ಬೇಡ, ಅದಿನ್ನೂ ಕಾಗದದ ಮೇಲೇ ಇದೆ. ಹೊಳೆಗೆ ಗೇಜು ನೆಡುವುದು, ದಿನಕ್ಕೆ ಎರಡು ಸಲ ಮಟ್ಟ ಬರೆದುಕೊಳ್ಳುವುದು, ಇದಿಷ್ಟೇ ನನ್ನ ಪಾಲಿನ ಕೆಲಸ. ಮನೆ ಮನೆ ಸರ್ವೆಗೆ ಜನ ಸಾಲಲಿಲ್ಲ ಅಂತ ನನ್ನನ್ನೂ ಅದಕ್ಕೆ ತಳ್ಳಿದರು. ಪ್ರಶ್ನೆ ಕೇಳುತ್ತಿದ್ದವಳು ಕಾವ್ರೆ ಜಿಲ್ಲೆಯ ಒಬ್ಬಳು ಹುಡುಗಿ, ಆಗಷ್ಟೇ ಬಿ.ಎ. ಮುಗಿಸಿದವಳು. ನಾನು ಪಕ್ಕದಲ್ಲಿ ಕೂತು, ಅರ್ಧ ನೇಪಾಳಿ ಅರ್ಧ ಹಿಂದಿಯಲ್ಲಿ ತಲೆಯಾಡಿಸಿ, ಕೊನೆಗೆ ಸಹಿ ಮಾಡಬೇಕು.

ಆ ಮನೆಯ ಯಜಮಾನನಿಗೆ ಎಪ್ಪತ್ತರ ಹತ್ತಿರ. ಎಲ್ಲರೂ ‘ಬಾ’ ಅನ್ನುತ್ತಿದ್ದರು, ಅಪ್ಪ ಅಂತ. ನಾನೂ ಹಾಗೇ ಕರೆದೆ. ಜಗಲಿಯಲ್ಲಿ ಕೂತು ಬೀಸುಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಬಲೆಯ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿತ್ತು.

“ಬಾ, ಏನು ಕೆಲಸ ಮಾಡ್ತೀರಿ?” ಅಂದಳು ಹುಡುಗಿ.

“ಮಾಝಿ.”

“ಜಾತಿ ಆಗಲೇ ಬರ್ಕೊಂಡೆ ಬಾ. ಕೆಲಸ ಏನು?”

“ಹೇಳಿದೆನಲ್ಲ, ಮಾಝಿ.”

ಅವಳು ನನ್ನ ಮುಖ ನೋಡಿದಳು. ಫಾರ್ಮಿನ ಜೊತೆಗೆ ಕೊಟ್ಟಿದ್ದ ಸೂಚನೆಯ ಹಾಳೆಯಲ್ಲಿ ಸ್ಪಷ್ಟವಾಗಿತ್ತು: ವರ್ಷದಲ್ಲಿ ಕೈಗೆ ಬರುವ ನಗದಿನ ಅರ್ಧಕ್ಕಿಂತ ಹೆಚ್ಚು ಯಾವುದರಿಂದ ಬರುತ್ತದೋ ಅದೇ ಮುಖ್ಯ ಕಸುಬು. ಹಾಗಾದರೆ ನಗದು ಎಲ್ಲಿಂದ? ಮಗ ಕತಾರಿನಿಂದ ಕಳಿಸುತ್ತಾನೆ. ಮಗನ ಕೆಲಸವನ್ನು ಅಪ್ಪನ ಹೆಸರಿಗೆ ಬರೆಯುವ ಹಾಗಿಲ್ಲ. ಮೀನು ಮಾರುತ್ತೀರಾ? ಸಿಕ್ಕರೆ ಮಾರುತ್ತೇವೆ, ಸಿಕ್ಕದ್ದನ್ನು ತಿನ್ನುತ್ತೇವೆ, ಮಿಕ್ಕರೆ ಅಡಿಗೆ ಒಲೆಯ ಮೇಲೆ ತೂಗುಹಾಕಿ ಹೊಗೆಗೆ ಒಣಗಿಸುತ್ತೇವೆ. ಎಷ್ಟು ಕಿಲೋ? ಬಾ ನಕ್ಕುಬಿಟ್ಟರು. ಹೊಲ ಇದೆಯಾ? ಇಳಿಜಾರಿನಲ್ಲಿ ಒಂದಷ್ಟು ಇದೆ, ಮೆಕ್ಕೆಜೋಳ, ಕೋದೋ. ಹುಡುಗಿ ನಿಟ್ಟುಸಿರು ಬಿಟ್ಟು ಬರೆದಳು: ಕೃಷಿ. ನಾನು ಸಹಿ ಹಾಕಿದೆ. ಸಂಜೆಯ ಹೊತ್ತಿಗೆ ಇಡೀ ಹಳ್ಳಿ ಮುಗಿದಿತ್ತು. ಕೃಷಿ, ಕೃಷಿ, ಕೂಲಿ, ಕೃಷಿ, ವಿದೇಶದಲ್ಲಿ ಉದ್ಯೋಗ, ಕೃಷಿ. ಮನೆ ಮನೆಯ ಸೂರಿಗೂ ಬಲೆ ನೇತುಬಿದ್ದ ಊರಿನಲ್ಲಿ, ಕಾಗದದ ಪ್ರಕಾರ, ಮೀನು ಹಿಡಿಯುವವನು ಒಬ್ಬನೂ ಇರಲಿಲ್ಲ.

(ಕೋದೋ ಅಂದರೆ ನಮ್ಮ ರಾಗಿ. ಸಾಗರದ ಕಡೆಯ ಅನ್ನದ ಹೊಟ್ಟೆಯವನಾದ ನಾನು ಮುದ್ದೆ ನುಂಗುವುದನ್ನು ಕಲಿತದ್ದು ಮಂಡ್ಯದಲ್ಲಲ್ಲ, ನೇಪಾಳದಲ್ಲಿ. ಅಲ್ಲಿ ಅದಕ್ಕೆ ಢಿಡೋ ಅನ್ನುತ್ತಾರೆ. ಅದೇ ರಾಗಿಯಿಂದ ಇಳಿಸುವ ರಕ್ಸಿಯ ವಿಷಯ ಮನೆಯವರು ಓದುವ ಬ್ಲಾಗಿನಲ್ಲಿ ಬೇಡ.)

ಯಾವ ಮಾಝಿ

ಮಾಝಿ ಅಂದ ಕೂಡಲೇ ನಮಗೆ ನೆನಪಾಗುವುದು ಹಳೆಯ ಹಿಂದಿ ಹಾಡುಗಳ ಅಂಬಿಗ. ಇಲ್ಲವೇ ಗುಡ್ಡ ಕಡಿದು ದಾರಿ ಮಾಡಿದ ಬಿಹಾರದ ದಶರಥ ಮಾಂಝಿ, ಇಲ್ಲವೇ ಒಡಿಶಾದ ಈಗಿನ ಮುಖ್ಯಮಂತ್ರಿ. ದಶರಥ ಮಾಂಝಿ ಮುಸಹರ ಸಮುದಾಯದವರು, ಒಡಿಶಾದ ಮಾಝಿ ಸಂತಾಲರು. ಸಂತಾಲರಲ್ಲಿ ಊರ ಮುಖಂಡನನ್ನೇ ಮಾಝಿ ಅನ್ನುತ್ತಾರೆ. ಒಂದೇ ಶಬ್ದ, ಬೇರೆ ಬೇರೆ ಜನ. ನಾನು ಹೇಳುತ್ತಿರುವವರು ನೇಪಾಳದ ನಡುಗುಡ್ಡಗಳ ಕಣಿವೆಯಲ್ಲಿ ಸುನ್‌ಕೋಸಿ, ತಾಮಾಕೋಸಿ, ಇಂದ್ರಾವತಿ, ದೂಧ್‌ಕೋಸಿಗಳ ದಡಕ್ಕೆ ಅಂಟಿಕೊಂಡು ಬದುಕಿದ ಮಾಝಿಗಳು. ಏಳು ಹೊಳೆ ಕೂಡಿ ಸಪ್ತಕೋಸಿಯಾಗಿ ಬಿಹಾರಕ್ಕಿಳಿಯುತ್ತದಲ್ಲ, ಅದರ ತಾಯಿಬೇರುಗಳ ಜನ ಇವರು. ಮಾಝಿಯವರ ಊರು ಹುಡುಕಲು ನಕ್ಷೆ ಬೇಕಿಲ್ಲ, ಎರಡು ಹೊಳೆ ಎಲ್ಲಿ ಸೇರುತ್ತದೆ ನೋಡಿದರಾಯಿತು ಅಂತ ನಮ್ಮ ಜೀಪಿನ ಡ್ರೈವರ್ ಹೇಳುತ್ತಿದ್ದ. ನಾನು ಕಂಡ ಮಟ್ಟಿಗೆ ಅದು ಸುಳ್ಳಾಗಲಿಲ್ಲ.

2011ರ ಜನಗಣತಿಯ ಲೆಕ್ಕದಲ್ಲಿ ಮಾಝಿಗಳು 83,727. ಅವರದ್ದೇ ಮಾಝಿ ಭಾಷೆ ತಾಯಿನುಡಿ ಅಂದವರು 24,422. ಹತ್ತರಲ್ಲಿ ಏಳು ಜನ ಜಾತಿ ಮಾಝಿ ಅಂತ ಬರೆಸಿ, ಭಾಷೆಯ ಕಾಲಮ್ಮಿಗೆ ಬಂದಾಗ ಬೇರೆ ಹೆಸರು ಹೇಳಿದ್ದಾರೆ. ಬಾ ತಮ್ಮ ಹೆಂಡತಿಯ ಜೊತೆ ಮಾಝಿಯಲ್ಲೂ ಮೊಮ್ಮಕ್ಕಳ ಜೊತೆ ನೇಪಾಳಿಯಲ್ಲೂ ಮಾತಾಡುತ್ತಿದ್ದರು. ಮೀನನ್ನು ಬೈಯುವಾಗ ಮಾತ್ರ ಮಾಝಿ. ನೇಪಾಳ ಸರ್ಕಾರ 2002ರ ಕಾಯ್ದೆಯಲ್ಲಿ ಗುರುತಿಸಿದ 59 ಆದಿವಾಸಿ ಜನಜಾತಿಗಳಲ್ಲಿ ಇವರೂ ಒಂದು, ಅದರೊಳಗಿನ ವರ್ಗೀಕರಣದಲ್ಲಿ ‘ಅತಿ ಅಂಚಿಗೆ ತಳ್ಳಲ್ಪಟ್ಟವರು’. ನಮ್ಮ ವರದಿಯ ಮೊದಲ ಪುಟದಲ್ಲೇ ಇದನ್ನು ಬರೆದಿದ್ದೆವು. ಮೊದಲ ಪುಟದಲ್ಲಿ ಅಂಚಿನವರು ಅಂತ ಬರೆದು, ಒಳಗಿನ ಪುಟಗಳಲ್ಲಿ ಅವರನ್ನು ರೈತರು ಮಾಡಿದ ವರದಿ ಅದು.

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿಬಂದ ಕನ್ನಡಿಗರು ಈಗ ಬೇಕಾದಷ್ಟಿದ್ದಾರೆ. ಅಲ್ಲಿಗೆ ನಡಿಗೆ ಶುರುವಾಗುವುದು ಲುಕ್ಲಾದಿಂದ. ಸೀಸನ್ನಿನಲ್ಲಿ ಲುಕ್ಲಾದ ವಿಮಾನ ಕಾಠ್ಮಂಡುವಿನ ಬದಲು ರಾಮೇಛಾಪದ ಮಂಥಲಿಯಿಂದ ಹಾರುತ್ತದೆ. ಮಧ್ಯರಾತ್ರಿ ಎಬ್ಬಿಸಿ ವ್ಯಾನಿನಲ್ಲಿ ತುಂಬಿ, ನಾಲ್ಕೈದು ಗಂಟೆ ಬಳುಕಾಡಿಸಿ ತಂದು ಇಳಿಸುತ್ತಾರೆ. ಆ ಕತ್ತಲ ತಿರುವುಗಳಲ್ಲಿ ನೀವು ವಾಂತಿ ತಡೆದುಕೊಂಡು ಕೂತಿದ್ದಾಗ ಕೆಳಗೆ ಮಗ್ಗುಲಲ್ಲೇ ಹರಿಯುತ್ತಿದ್ದದ್ದು ಸುನ್‌ಕೋಸಿ. ಟಾರ್ಚು ಏನಾದರೂ ಕಂಡಿದ್ದರೆ ಅದು ಮಾಝಿಯವರದ್ದಿರಬೇಕು.

ಡುಂಗಾ

ದೋಣಿಗೆ ಅಲ್ಲಿ ಡುಂಗಾ ಅನ್ನುತ್ತಾರೆ. ಬಾನ ಡುಂಗಾ ಒಂದೇ ಮರದ ಕಾಂಡವನ್ನು ಕೊರೆದು ಮಾಡಿದ್ದು. ಸಿಮಲ್ ಮರ, ನಮ್ಮ ಬೂರುಗ. ಸಾಲ್ ಮರದ್ದಾದರೆ ಎರಡು ತಲೆಮಾರು ಬಾಳುತ್ತದಂತೆ; ಆದರೆ ಅಷ್ಟು ದಪ್ಪದ ಸಾಲ್ ಈಗೆಲ್ಲಿ, ಕಡಿಯಲು ಬಿಡುವವರು ಯಾರು. ನಾನು ಹೋದಾಗ ಅದನ್ನು ಮರಳಿನ ಮೇಲೆ ಬೋರಲು ಹಾಕಿದ್ದರು. ಫಾರ್ಮಿನ ಆಸ್ತಿಯ ಪಟ್ಟಿಯಲ್ಲಿ ಟಿ.ವಿ., ಮೊಬೈಲು, ಮೋಟಾರ್ ಸೈಕಲ್ಲು, ಎಮ್ಮೆ, ಆಡು ಎಲ್ಲಕ್ಕೂ ಚೌಕವಿತ್ತು. ದೋಣಿಗೆ ಇರಲಿಲ್ಲ.

ಸೇತುವೆ ಬರುವ ಮೊದಲು ಈ ದಡದಿಂದ ಆ ದಡಕ್ಕೆ ಎಲ್ಲವನ್ನೂ ದಾಟಿಸಿದವರು ಇವರು. ಮದುವೆ ದಿಬ್ಬಣ, ಉಪ್ಪಿನ ಮೂಟೆ, ಪೊಲೀಸರು, ಬಾಣಂತಿ, ಹೆಣ. ಕೂಲಿ ಕೈಗೆ ಕೈಗೆ ಅಲ್ಲ. ಸುಗ್ಗಿಯಾದ ಮೇಲೆ ಎರಡೂ ದಡದ ಮನೆಗಳಿಗೆ ಹೋಗಿ ವರ್ಷದ ಕಾಳು ತರುವುದು. ಅದಕ್ಕೆ ‘ಬಾಲಿ’ ಅನ್ನುತ್ತಿದ್ದರು. ನನಗೆ ವಿವರಿಸಲು ಹುಡುಗಿ ಬಹಳ ಕಷ್ಟಪಟ್ಟಳು, ನಾನು ಎರಡನೇ ವಾಕ್ಯಕ್ಕೇ “ಗೊತ್ತಾಯ್ತು, ಆಯ” ಅಂದೆ. ಕಮ್ಮಾರ, ಅಗಸ, ಅಂಬಿಗ ಎಲ್ಲರೂ ಕಣದಲ್ಲಿ ನಿಂತು ಆಯ ಪಡೆಯುತ್ತಿದ್ದ ಊರುಗಳಿಂದಲೇ ಅಲ್ಲವೇ ನಾವೂ ಬಂದವರು. ಕಾಳು ಕೊಟ್ಟ ಮೇಲೆ ಎಷ್ಟು ಸಲ ದಾಟಿದೆ ಅಂತ ಯಾರೂ ಲೆಕ್ಕ ಇಡುವ ಹಾಗಿಲ್ಲ. ಇಟ್ಟರೆ ಅದು ಜಗಳ.

ಆಮೇಲೆ ತೂಗುಸೇತುವೆಗಳು ಬಂದವು. ನೇಪಾಳದ ಗುಡ್ಡಗಳಲ್ಲಿ ಅವು ಸಾವಿರಗಟ್ಟಲೆ ಇವೆ, ಸ್ವಿಸ್ ನೆರವಿನಿಂದ ಶುರುವಾಗಿ ಈಗ ಅವರೇ ಕಟ್ಟಿಕೊಳ್ಳುವಷ್ಟು ಕಲಿತಿದ್ದಾರೆ. ಇದೇ ಕಣಿವೆಯಲ್ಲಿ ಹಾದುಹೋಗುವ, ಜಪಾನಿನ ನೆರವಿನ ಬಿ.ಪಿ. ಹೆದ್ದಾರಿ 2015ರಲ್ಲಿ ಪೂರ್ತಿಯಾಯಿತು. ಸೇತುವೆ ಬೇಡ ಅನ್ನಲು ನನಗೆ ಬಾಯಿಲ್ಲ. ನಾನು ಹುಟ್ಟಿದ ಸೀಮೆಯಲ್ಲಿ ಲಾಂಚಿಗೆ ಕಾದು ಕಾದು ಜೀವ ಬಿಟ್ಟವರಿದ್ದಾರೆ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆದ ದಿನ ನಮ್ಮ ಚಿಕ್ಕಮ್ಮ ಫೋನಿನಲ್ಲಿ ಅತ್ತರು. ಬಾ ಕೂಡ ಸೇತುವೆಯನ್ನು ಬೈಯಲಿಲ್ಲ. “ಮೊದಲು ರಾತ್ರಿ ಯಾರಾದರೂ ಆಚೆಯಿಂದ ಕೂಗಿದರೆ ಏಳಬೇಕಿತ್ತು. ಈಗ ನಿದ್ದೆ ಮಾಡಬಹುದು,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೂ ಎಚ್ಚರ ಆಗುತ್ತೆ,” ಅಂದರು.

ಸರ್ವೆ ಮುಗಿದ ಮಾರನೆಯ ಬೆಳಗಿನ ಜಾವ ನನ್ನನ್ನು ಹೊಳೆಗೆ ಕರೆದುಕೊಂಡು ಹೋದರು. ಡಿಸೆಂಬರ್. ನೀರು ಹಸಿರು ಗಾಜಿನ ಹಾಗೆ, ಕಾಲಿಟ್ಟರೆ ಮೂಳೆಯೊಳಗೆ ಸೂಜಿ. ಬಾ ಲಂಗೋಟಿಯಲ್ಲಿ ತೊಡೆಯವರೆಗೆ ಇಳಿದು, ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಅರ್ಧ ಸುತ್ತು ತಿರುಗಿ ಬೀಸಿದರು. ನೀರಿನ ಮೇಲೆ ಬಲೆ ಗುಂಡಗೆ ಬಿಚ್ಚಿಕೊಂಡು ಬಿತ್ತು, ಸೀಸದ ಗುಂಡುಗಳು ಒಟ್ಟಿಗೇ ಮುಳುಗಿದ ಸದ್ದು, ಮೊರಕ್ಕೆ ಅಕ್ಕಿ ಸುರಿದ ಹಾಗೆ. ಎಳೆದರೆ ಏನಿಲ್ಲ. ಹತ್ತು ಹೆಜ್ಜೆ ಮೇಲಕ್ಕೆ ನಡೆದರು. ಮತ್ತೆ ಏನಿಲ್ಲ. ಏಳೆಂಟು ಸಲದ ಮೇಲೆ ಬೆರಳುದ್ದದ ನಾಲ್ಕು ಮೀನು, ಅಂಗೈಯಗಲದ ಒಂದು ಅಸಲಾ. ಅಸಲಾ ತಣ್ಣೀರಿನ ಮೀನು, ಸಣ್ಣ ಸಣ್ಣ ಹುರುಪೆ. ನನಗೆ ಛೇ ಅನಿಸಿತು. ಬಾಗೆ ಹಾಗೇನೂ ಅನಿಸಿದ ಹಾಗಿರಲಿಲ್ಲ. ಅವರು ಬಲೆಗಿಂತ ಹೆಚ್ಚಾಗಿ ನೀರನ್ನೇ ನೋಡುತ್ತಿದ್ದರು. ಹೊಳೆ ಬೆಳ್ಳಗಾದರೆ ಮೇಲೆ ಹಿಮ ಕರಗಿದೆ, ಕೆಂಪಾದರೆ ಎಲ್ಲೋ ಗುಡ್ಡ ಬಿದ್ದಿದೆ. ಕಲ್ಲಿನ ಸದ್ದು ಅಡಿಯಲ್ಲಿ ಉರುಳುತ್ತಾ ಕೇಳಿದರೆ ದೋಣಿ ಇಳಿಸುವ ಹಾಗಿಲ್ಲ.

ಅವರು ಒಂದು ಕತೆ ಹೇಳಿದರು. 2014ರ ಆಗಸ್ಟ್ 2ರ ಬೆಳಗ್ಗೆ ಎದ್ದು ನೋಡಿದರೆ ಹೊಳೆ ಸಣಕಲಾಗಿತ್ತು. ಮಳೆಗಾಲದ ನಟ್ಟನಡುವೆ. ಗುಂಡಿಗಳಲ್ಲಿ ಮೀನು ಪಟಪಟ ಒದ್ದಾಡುತ್ತಿದ್ದವು. ಮಕ್ಕಳು ಬುಟ್ಟಿ ಹಿಡಿದು ಓಡಿದರು. ಇವರು, ಇವರ ಹೆಂಡತಿ, ಊರಿನ ಮುದುಕರೆಲ್ಲ ಬಾಯಿ ಬಡಿದುಕೊಂಡು, ಕಲ್ಲು ಬೀರಿ ಆ ಮಕ್ಕಳನ್ನು ಗುಡ್ಡ ಹತ್ತಿಸಿದರಂತೆ. ನಿಂತ ಹೊಳೆ ಸುಮ್ಮನೆ ನಿಂತಿರುವುದಿಲ್ಲ ಅಂತ ಅವರಿಗೆ ಗೊತ್ತು. ಮಧ್ಯಾಹ್ನ ರೇಡಿಯೋದಲ್ಲಿ ಸುದ್ದಿ ಬಂತು: ಮೇಲೆ ಸಿಂಧುಪಾಲ್ಚೋಕದ ಜುರೆ ಎಂಬಲ್ಲಿ ರಾತ್ರಿ ಗುಡ್ಡ ಕುಸಿದು ಸುನ್‌ಕೋಸಿಗೇ ಅಡ್ಡ ಕೂತಿತ್ತು. ಸತ್ತವರು 156. ನಾನು ದಿನಕ್ಕೆರಡು ಸಲ ಗೇಜು ಓದಿ ಎಕ್ಸೆಲ್ಲಿಗೆ ತುಂಬುತ್ತಿದ್ದೆನಲ್ಲ, ನನಗೆ ಅದಕ್ಕೊಂದು ಸಂಬಳವಿತ್ತು, ಹುದ್ದೆಯ ಹೆಸರಿತ್ತು.

ಲಾಲ್‌ಪುರ್ಜಾ

ನಮ್ಮ ಪಹಣಿಯ ಹಾಗೆ ನೇಪಾಳದಲ್ಲಿ ಜಮೀನಿನ ಹಕ್ಕಿನ ಕಾಗದಕ್ಕೆ ಲಾಲ್‌ಪುರ್ಜಾ ಅನ್ನುತ್ತಾರೆ, ಕೆಂಪು ಚೀಟಿ. ಮುಳುಗಡೆಯ ಪರಿಹಾರ ಸಿಕ್ಕುವುದು ಅದಕ್ಕೆ. ಮುಖ್ಯ ಕಸುಬು ಕೃಷಿ ಅಂತ ಬರೆದ ಮೇಲೆ ಅಧಿಕಾರಿಯ ಮುಂದಿನ ಪ್ರಶ್ನೆ, ಜಮೀನೆಷ್ಟು, ಲಾಲ್‌ಪುರ್ಜಾ ಎಲ್ಲಿ. ಬಾ ತೋರಿಸಿದ ಇಳಿಜಾರಿನ ಹೊಲದಲ್ಲಿ ಅರ್ಧಕ್ಕೆ ಕಾಗದವಿತ್ತು, ಅರ್ಧಕ್ಕೆ ಇರಲಿಲ್ಲ. ದಡದ ಮರಳಿಗೆ ಇಲ್ಲ. ಮೀನು ಮೊಟ್ಟೆಯಿಡುವ ಸಣ್ಣ ಹಳ್ಳದ ಬಾಯಿಗೆ ಇಲ್ಲ. ಲದಿ ಪೂಜೆ ಅಂತ ಹೊಳೆಗೆ ಪೂಜೆ ಮಾಡುವ ಕಲ್ಲಿಗೆ ಇಲ್ಲ. ಬಾನ ಬದುಕಿನ ಮುಕ್ಕಾಲು ಪಾಲು ನಡೆದ ಜಾಗಕ್ಕೆಲ್ಲ ಸರ್ವೆ ನಂಬರೇ ಇಲ್ಲ. ಆದಿವಾಸಿಗಳ ಜೊತೆ ಮೊದಲೇ ಮಾತಾಡಿ ಮುಂದುವರಿಯಬೇಕು ಅನ್ನುವ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐ.ಎಲ್.ಓ.) 169ನೇ ಒಪ್ಪಂದಕ್ಕೆ ನೇಪಾಳ 2007ರಲ್ಲೇ ಸಹಿ ಹಾಕಿದೆ. ಮಾತಾಡಲು ಬಂದವರು ನಾವೇ ಇರಬೇಕು, ನಾನು ಮತ್ತು ಆ ಹುಡುಗಿ, ಕೈಯಲ್ಲಿ ಫಾರ್ಮು ಹಿಡಿದು.

ಅಂದು ರಾತ್ರಿ ಟೆಂಟಿನಲ್ಲಿ ಮಲಗಿದಾಗ ನೆನಪಾದದ್ದು ನಮ್ಮ ಅಜ್ಜಿ. ಲಿಂಗನಮಕ್ಕಿ 1964ರಲ್ಲಿ ತುಂಬಿದಾಗ ಅಜ್ಜಿಗೆ ಮೂವತ್ತು ವರ್ಷ, ಕಂಕುಳಲ್ಲಿ ನಮ್ಮಪ್ಪ. ಗೇಣಿ ಗದ್ದೆ, ಹಾಗಾಗಿ ಪರಿಹಾರದ ಪಟ್ಟಿಯಲ್ಲಿ ಒಡೆಯರ ಹೆಸರು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರದ ಜಗಳ ಮುಗಿದಿಲ್ಲ. ಶರಾವತಿ ಸಂತ್ರಸ್ತರು ಅಂತ ಪೇಪರಿನಲ್ಲಿ ಆಗಾಗ ಬರುವುದು ನಮ್ಮ ಬಗ್ಗೆಯೇ. ಆದರೆ ಅಜ್ಜಿ ಗದ್ದೆಯ ಬಗ್ಗೆ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಅವಳು ಹೇಳುತ್ತಿದ್ದದ್ದು ಹತ್ತುಮೀನಿನ ಕತೆ. ಮೊದಲ ಮಳೆಗೆ ಹೊಳೆಯಿಂದ ಮೀನು ಗದ್ದೆಯ ಬದುವಿನ ಹರಿವಿಗೆ ಹತ್ತಿ ಬರುವುದು, ಕೂಣಿ ಇಡುವುದು, ಕತ್ತಲಲ್ಲಿ ಸೂಡಿ ಹಿಡಿದು ಕತ್ತಿಯಲ್ಲಿ ಕಡಿಯುವುದು, ಬೆಳಗಾಗುವುದರೊಳಗೆ ಓಣಿಯೆಲ್ಲ ಮೀನಿನ ವಾಸನೆ. “ಆಪೀಸ್ರು ಬಂದು ಅಡಿಕೆ ಮರ ಎಣಿಸಿದ್ರು, ಬಾವಿ ಎಣಿಸಿದ್ರು. ಮೀನು ಎಣಿಸಿ ಅಂದ್ರೆ ನಗ್ತಿದ್ರು ಮಾರಾಯ,” ಅನ್ನುತ್ತಿದ್ದಳು. ನಾನು ಇದನ್ನು ಅಜ್ಜಿಯ ತಮಾಷೆ ಅಂತಲೇ ಬಗೆದಿದ್ದೆ. ಕರೆಂಟಿನ ಊರು ಮಾಡಿದ ಹೊಳೆಯ ಮೊಮ್ಮಗ ಇಂಜಿನಿಯರಿಂಗ್ ಓದಿದ್ದು, ಇನ್ನೊಬ್ಬರ ಹೊಳೆ ಅಳೆಯಲು ಹೋದದ್ದು, ಇವಕ್ಕೆಲ್ಲ ನಾನು ಆಗ ಹೆಮ್ಮೆ ಪಡುತ್ತಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ ಅಂತಿಟ್ಟುಕೊಳ್ಳಿ, ಸಂಬಳ ಅದರಿಂದಲೇ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ, ಗೊತ್ತು. ನಮಗೆ ಹೊಳೆ ವರ್ಷಕ್ಕೆ ಕೆಲವು ರಾತ್ರಿಯ ಹಬ್ಬ. ಬಾನಿಗೆ ಅದೇ ಹೆಸರು. ಹೊಳೆ ಹೋದರೂ ನಾವು ಬೇರೆ ಏನೋ ಆಗಿ ಉಳಿದೆವು. ದಾಟಿಸುವುದೂ ಹೋಗಿ, ಮೀನೂ ಹೋಗಿ, ಹೊಳೆಯೂ ಹೋದರೆ ‘ಮಾಝಿ’ ಅನ್ನುವ ಉತ್ತರ ಬರೀ ಜಾತಿಯ ಕಾಲಮ್ಮಿನಲ್ಲಿ ಮಾತ್ರ ಉಳಿಯುತ್ತದೆ. ನಮ್ಮ ಫಾರ್ಮು ಆ ಕೆಲಸವನ್ನು ಅಣೆಕಟ್ಟು ಕಟ್ಟುವ ಮೊದಲೇ ಮಾಡಿ ಮುಗಿಸಿತ್ತು.

ಹತ್ತುಮೀನು

ಮೀನು ಕಡಿಮೆಯಾದದ್ದಕ್ಕೆ ಅಣೆಕಟ್ಟೊಂದೇ ಕಾರಣ ಅಲ್ಲ. ಇನ್ವರ್ಟರ್ ಬ್ಯಾಟರಿಯಿಂದ ನೀರಿಗೆ ಕರೆಂಟು ಕೊಟ್ಟು ಹಿಡಿಯುವವರಿದ್ದಾರೆ, ಮಾಝಿ ಹುಡುಗರೂ ಇದ್ದಾರೆ ಅದರಲ್ಲಿ, ಬಾನಿಗೆ ಅದೇ ದೊಡ್ಡ ಸಂಕಟ. ಕ್ರಷರಿನವರು ಹೊಳೆಯ ಗುಂಡುಕಲ್ಲನ್ನೆಲ್ಲ ಬಾಚಿದ್ದಾರೆ, ಮೊಟ್ಟೆಯಿಡುವ ಜಾಗವೇ ಅದು. ಆದರೆ ಸಹರ್ ಅಂತ ಅವರು ಕರೆಯುವ ಮೀನು, ನಮ್ಮ ಶೃಂಗೇರಿ, ಶಿಶಿಲದ ದೇವರ ಮೀನಿನ ಕುಲದ್ದೇ, ಮಳೆಗಾಲದಲ್ಲಿ ಮೇಲಕ್ಕೆ ಹತ್ತಿ ಹೋಗಿ ಉಪನದಿಗಳಲ್ಲಿ ಮೊಟ್ಟೆಯಿಡುತ್ತದೆ. ಹತ್ತುಮೀನು, ನಮ್ಮ ಮಾತಿನಲ್ಲಿ. ಅದಕ್ಕೆ ಗೋಡೆ ಅಂದರೆ ಗೋಡೆಯೇ. ನೇಪಾಳದ 2001ರ ಜಲವಿದ್ಯುತ್ ನೀತಿಯ ಪ್ರಕಾರ, ಹೊಳೆ ಅತಿ ಬಡವಾಗುವ ತಿಂಗಳ ಸರಾಸರಿ ಹರಿವಿನಲ್ಲಿ ಕನಿಷ್ಠ 10 ಪ್ರತಿಶತ ನೀರನ್ನು ಕೆಳಗೆ ಬಿಡಬೇಕು. ಆ ಹತ್ತನ್ನು ಲೆಕ್ಕ ಹಾಕಿ ಕೊಟ್ಟವನು ನಾನೇ. ಎಕ್ಸೆಲ್ಲಿನಲ್ಲಿ ಅದು ಒಂದು ಸಾಲು. ಬಾನ ಜೊತೆ ತೊಡೆಯವರೆಗೆ ನಿಂತ ಆ ನೀರಿನಲ್ಲಿ ಹತ್ತರಲ್ಲಿ ಒಂದು ಪಾಲು ಅಂದರೆ ಎಲ್ಲಿಯವರೆಗೆ ಬರುತ್ತದೆ ಅಂತ ಆವತ್ತೇ ನಿಂತು ನೋಡಿಕೊಳ್ಳಬೇಕಿತ್ತು. ಪಾದ ನೆನೆಯುವುದೇ ಅನುಮಾನ.

ವಾಪಸು ಬರುವಾಗ ದೋಲಾಲ್‌ಘಾಟಿನಲ್ಲಿ ಜೀಪು ನಿಲ್ಲಿಸಿದೆವು. ಇಂದ್ರಾವತಿ ಬಂದು ಸುನ್‌ಕೋಸಿಗೆ ಸೇರುವ ಜಾಗ, ಕರಿದ ಮೀನಿಗೆ ಹೆಸರುವಾಸಿ. ಕಡ್ಡಿಗೆ ಪೋಣಿಸಿದ ಮೀನು, ಖಾರದ ಪುಡಿ, ಅವಲಕ್ಕಿ. ಎರಡು ತಟ್ಟೆ ಮುಗಿಸಿದ ಮೇಲೆ ಹೊಳೆಯದ್ದಾ ಅಂತ ಕೇಳಿದೆ. ಅಂಗಡಿಯಾಕೆ ಮಾಝಿಯೇ. ಗ್ರಾಹಕರು ಹೋಗಲಿ ಅಂತ ಕಾದು, ಮೆಲ್ಲಗೆ, “ಸಣ್ಣವು ಹೊಳೆಯವು. ದೊಡ್ಡವು ಕೆಳಗೆ ತರಾಯಿಯ ಬಯಲಿನ ಕೆರೆಯಿಂದ ಐಸಿನಲ್ಲಿ ಬರ್ತಾವೆ, ದಾಯ್,” ಅಂದಳು. ಹೊಳೆಯ ಮೀನು ಅಂತ ಬೋರ್ಡಿತ್ತು, ಪಕ್ಕದಲ್ಲೇ ಹೊಳೆಯೂ ಇತ್ತು. ಸುಳ್ಳು ಅಂತ ನನಗೇನೂ ಅನಿಸಲಿಲ್ಲ.

ಇತರೆ

2024ರ ಮೇ ತಿಂಗಳಲ್ಲಿ ಸುನ್‌ಕೋಸಿಯ ನೀರನ್ನು ಮರಿನ್ ಹಳ್ಳಕ್ಕೆ ತಿರುಗಿಸುವ 13.3 ಕಿಲೋಮೀಟರ್ ಸುರಂಗದ ಕೊನೆಯ ಬಂಡೆ ಒಡೆಯಿತು ಅಂತ ಓದಿದೆ. ತರಾಯಿಯ ಹೊಲಗಳಿಗೆ ನೀರು. ಆ ಹೊಲಗಳ ರೈತರಿಗೆ ಅದು ಬೇಕೇ ಬೇಕು, ನಿಜವಾದ ಕೃಷಿ ಅಲ್ಲಿಯದ್ದು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಮೂರು ದಿನ ಹುಚ್ಚು ಮಳೆ ಸುರಿದು ಕಾವ್ರೆ, ಸಿಂಧುಲಿಗಳೆಲ್ಲ ಕೊಚ್ಚಿಹೋದವು, ಬಿ.ಪಿ. ಹೆದ್ದಾರಿ ರೋಸಿ ಹೊಳೆಯ ಉದ್ದಕ್ಕೂ ಮಾಯವಾಯಿತು. ನಾನು ಹುಡುಗಿಗೆ ಫೋನು ಮಾಡಿದೆ. ಹುಡುಗಿ ಅಂತ ಈಗಲೂ ಬಾಯಿಗೆ ಬರುತ್ತದೆ, ಎರಡು ಮಕ್ಕಳ ತಾಯಿ ಅವಳು, ಆ ಕಡೆಯದೇ ಗಾಂವ್‌ಪಾಲಿಕೆಯಲ್ಲಿ ಕೆಲಸ. ನಾಲ್ಕು ದಿನದ ಮೇಲೆ ಲೈನು ಸಿಕ್ಕಿತು. ನಷ್ಟದ ಫಾರ್ಮು ತುಂಬುತ್ತಾ ಬಾನ ಜಗಲಿಯಲ್ಲೇ ಕೂತಿದ್ದಳು.

ಮನೆ ಉಳಿದಿದೆ. ಆಡು ಎರಡು ಹೋದವು. ಡುಂಗಾ ಹೋಯಿತು.

“ಈ ಫಾರ್ಮಿನಲ್ಲೂ ದೋಣಿಗೆ ಕಾಲಮ್ಮಿಲ್ಲ ಸರ್. ‘ಇತರೆ’ ಅಂತ ಒಂದಿದೆ, ಅದರಲ್ಲಿ ಬರೀತಿದ್ದೀನಿ. ಎಷ್ಟು ಬೆಲೆ ಹಾಕಲಿ? ನೀವು ಇಂಜಿನಿಯರ್ ಅಲ್ವಾ, ಹೇಳಿ.”

ಬೂರುಗದ ಮರಕ್ಕೆ ನಾಟಾ ಬೆಲೆ ಹೆಚ್ಚಿಲ್ಲ, ಬೆಂಕಿಕಡ್ಡಿಗೆ ಹೋಗುವ ಮರ. ಕೊರೆಯುವ ಕೂಲಿ ಸೇರಿಸಬೇಕು. ಕೊರೆಯುವವರು ಈಗ ಯಾರಿದ್ದಾರೆ? ಉದ್ದ ಎಷ್ಟಿತ್ತು ಕೇಳು ಅಂದೆ.

ಅವಳು ಅತ್ತ ತಿರುಗಿ ಕೇಳಿದಳು. ಬಾನ ದನಿ ದೂರದಿಂದ ಬಂತು, ಮೊದಲು ನೇಪಾಳಿಯಲ್ಲಿ, ಆಮೇಲೆ ಅದಕ್ಕಿಂತ ಉದ್ದವಾಗಿ ಮಾಝಿಯಲ್ಲಿ.

“ಹದಿನೆಂಟು ಮೊಳ ಅಂತಾರೆ.”

“ಆಮೇಲೆ ಏನೋ ಅಂದರಲ್ಲ?”

“ಅದು ಅವರ ಭಾಷೆ ಸರ್, ನಂಗೂ ಗೊತ್ತಾಗಲಿಲ್ಲ. ಬೆಲೆ ಹೇಳಿ, ಚಾರ್ಜ್ ಹೋಗ್ತಿದೆ.”